ದಾವೋಸ್ ಒಪ್ಪಂದ ಇರಲಿ, ಭೋಸರಿಯ ಬಾಕಿ ಕೊಡಿಸಿ

ಮಹಾರಾಷ್ಟ್ರ ರಾಜ್ಯದ ಮಾನ್ಯ ಕೈಗಾರಿಕಾ ಸಚಿವರಿಗೆ,

ನಮಸ್ಕಾರ. ಈ ಪತ್ರದ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಕನ್ನಡದಲ್ಲಿ ಬಹಿರಂಗವಾಗಿ ಬರೆಯಲು ಕಾರಣ ಬೇರೆ ಇದೆ. ಪುಣೆಯ ಭೋಸರಿ ಎಂಐಡಿಸಿಯಲ್ಲಿ (ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮದ ಪ್ರದೇಶ) ನಮ್ಮ ಗಲ್ಲಿಯೊಂದರಲ್ಲೇ ವಿಜಯಪುರ, ಕಲಬುರಗಿ, ಬೀದರ್ ಕಡೆಯಿಂದ ಬಂದು ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡವರು ನಾಲ್ಕಾರು ಮಂದಿ ಇದ್ದಾರೆ. ನಾನು ಹೇಳಲಿರುವುದು ಅವರಿಗೆಲ್ಲ ಗೊತ್ತು. ಗೊತ್ತಿದ್ದೂ ಯಾರೂ ಬಾಯಿ ಬಿಡುವುದಿಲ್ಲ.

ನಾನು ಇಂಡಿ ತಾಲ್ಲೂಕಿನವಳು. ನನ್ನ ಯಜಮಾನರು ಲೇತ್ ಹೆಲ್ಪರ್ ಆಗಿ ಇಲ್ಲಿಗೆ ಬಂದವರು. ಈಗ ನಮ್ಮದೇ ಬಾಡಿಗೆ ಶೆಡ್, ಎರಡು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಮಷಿನ್), ಒಂದು ಹಳೆಯ ಲೇತ್, ಆರು ಜನ ಕೆಲಸಗಾರರು. ವಾಹನಗಳಿಗೆ ಬೇಕಾಗುವ ಬುಷ್, ಪಿನ್, ಸ್ಪೇಸರ್ ಮಾಡಿಕೊಡುತ್ತೇವೆ. ಮಷಿನ್ ಅವರ ಪಾಲು, ಲೆಕ್ಕ ನನ್ನ ಪಾಲು. ಲೆಕ್ಕ ಎಂದರೆ ಅರ್ಧ ಬರವಣಿಗೆ, ಅರ್ಧ ಫೋನು. ಮರಾಠಿಯಲ್ಲಿ ನಾನು ಕಲಿತ ಮೊದಲ ಪೂರ್ಣ ವಾಕ್ಯ ‘ಪೇಮೆಂಟ್ ಕಧೀ ಹೋಣಾರ್?’ (ಹಣ ಯಾವಾಗ ಬರುತ್ತದೆ?)

2025ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಆರ್ಥಿಕ ಸಮಾವೇಶ ನಡೆಯುವ ದಾವೋಸ್‌ನಲ್ಲಿ ನಮ್ಮ ರಾಜ್ಯ 15 ಲಕ್ಷ ಕೋಟಿ ರೂಪಾಯಿಗೂ ಮಿಕ್ಕ ಹೂಡಿಕೆಯ ಒಪ್ಪಂದಗಳಿಗೆ ಸಹಿ ಹಾಕಿತೆಂದು ಓದಿ ಸಂತೋಷಪಟ್ಟೆ. ವ್ಯಂಗ್ಯವಲ್ಲ. ಪಿಂಪ್ರಿಗೆ 1954ರಲ್ಲಿ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಬಂತು, 1962ರಲ್ಲಿ ಎಂಐಡಿಸಿ ಹುಟ್ಟಿತು, ವಾಹನ ಕಾರ್ಖಾನೆಗಳು ಬಂದವು, ಅವುಗಳ ನೆರಳಿನಲ್ಲಿ ನಾವು ಬಂದೆವು. ದೊಡ್ಡವರು ಬರುವುದು ಬೇಡ ಎನ್ನಲು ನನಗೇನು ಹುಚ್ಚೇ? ನನ್ನ ತಕರಾರು ಇಷ್ಟೇ: ಬಂದಿರುವವರು ನಮಗೆ ಕೊಡಬೇಕಾದದ್ದನ್ನು ಕೊಡುತ್ತಿಲ್ಲ.

ಚೇತರಿಕೆ ನಿಧಾನ ಎಂದು ನಿಮ್ಮ ಅಧಿಕಾರಿಗಳು ಸಭೆಗಳಲ್ಲಿ ಹೇಳುತ್ತಾರೆ. ನಮಗೆ ಪೆಟ್ಟು ಬಿದ್ದದ್ದು ಕೊರೊನಾಕ್ಕಿಂತ ಮೊದಲೇ. 2019ರಲ್ಲಿ ವಾಹನ ಮಾರಾಟ ಕುಸಿಯಿತು. 2020ರ ಏಪ್ರಿಲ್‌ನಿಂದ ವಾಹನದ ಹೊಗೆಗೆ ಬಿಎಸ್-6 ಎಂಬ ಹೊಸ ಮಿತಿ ಕಡ್ಡಾಯವಾಯಿತು, ಅದಕ್ಕೆ ಒಂದು ವಾರ ಮೊದಲು ದೇಶವೇ ಬಾಗಿಲು ಹಾಕಿತು. ಆಗ ಕೇಂದ್ರದ ಖಾತರಿಯ ಮೇಲೆ, ಹಳೆಯ ಸಾಲದ ಶೇ 20ರಷ್ಟು ಹೊಸ ಸಾಲ ಸಿಕ್ಕಿತು. ಅದರಿಂದಲೇ ಉಸಿರು ಉಳಿಯಿತು, ಸುಳ್ಳು ಹೇಳಲಾರೆ. ಆ ಸಾಲ ತೀರಿಸಿ ಆಯಿತು. ಈಗ ಆರ್ಡರ್ ಇದೆ, ಎರಡೂ ಪಾಳಿ ಮಷಿನ್ ಓಡುತ್ತಿದೆ. ಆದರೂ ತಿಂಗಳ ಕೊನೆಗೆ ಸಂಬಳಕ್ಕೆ ಪರದಾಟ. ಆರ್ಡರ್ ಹೆಚ್ಚಿದಷ್ಟೂ ಪರದಾಟವೂ ಹೆಚ್ಚುತ್ತದೆ, ಅದು ಹೇಗೆಂದು ನೋಡಿ.

ಉಕ್ಕಿನ ವ್ಯಾಪಾರಿ ಹಣ ಎಣಿಸಿಕೊಳ್ಳದೆ ಸರಳು ಇಳಿಸುವುದಿಲ್ಲ. ಕರೆಂಟ್ ಬಿಲ್ ತಪ್ಪಿದರೆ ಫ್ಯೂಸ್ ಕೀಳುತ್ತಾರೆ. ಮಾಲು ತಯಾರಿಸಿ, ಚಲನ್ ಜೊತೆಗೆ ಟೆಂಪೊದಲ್ಲಿ ಕಳಿಸಿದ ಮೇಲೆ ನಮ್ಮಿಂದ ಕೊಳ್ಳುವ ಕಾರ್ಖಾನೆಯ ಸ್ಟೋರ್ಸ್‌ನವರು ಸ್ವೀಕೃತಿ ಚೀಟಿ ಕೊಡಲು ಹತ್ತು ದಿನ, ಕೆಲವೊಮ್ಮೆ ಇಪ್ಪತ್ತು ದಿನ ಎಳೆಯುತ್ತಾರೆ. ಚೀಟಿಯ ದಿನದಿಂದ 90 ದಿನವೆಂದು ಅವರ ಖರೀದಿ ಆದೇಶದಲ್ಲೇ ಅಚ್ಚಾಗಿರುತ್ತದೆ. 90 ಎಂದರೆ 120. ಕಳೆದ ವರ್ಷ ನಮ್ಮ ಒಂದು ಬಿಲ್ಲು, 6 ಲಕ್ಷ 40 ಸಾವಿರದ್ದು, ಕೈಸೇರಿದ್ದು 143ನೆಯ ದಿನ. ಅದರಲ್ಲೂ ‘ದರ ವ್ಯತ್ಯಾಸ’ ಎಂದು ಡೆಬಿಟ್ ನೋಟ್ ಹಾಕಿ 11 ಸಾವಿರ ಮುರಿದುಕೊಂಡಿದ್ದರು. ದರ ನಿಗದಿ ಮಾಡಿದವರು ಅವರೇ! ಇಷ್ಟರ ನಡುವೆ ಆ ಬಿಲ್ಲಿನ ಮೇಲಿನ ಜಿಎಸ್‌ಟಿಯನ್ನು ಮರುತಿಂಗಳ 20ನೆಯ ತಾರೀಖಿಗೆ ನಾನು ಕಟ್ಟಿಬಿಟ್ಟಿದ್ದೆ. ನನ್ನ ಕೈಗೆ ಬಾರದ ಹಣದ ಮೇಲಿನ ತೆರಿಗೆಯನ್ನು ಬ್ಯಾಂಕಿನ ಓವರ್‌ಡ್ರಾಫ್ಟ್‌ನಿಂದ ಕಟ್ಟಿದೆ. ಬಡ್ಡಿ ನನ್ನದು. ಎಂದರೆ, ಆರು ಜನರ ಶೆಡ್ ನೂರಾರು ಜನರ ಕಾರ್ಖಾನೆಗೆ ಸಾಲ ಕೊಡುತ್ತಿದೆ, ಅದೂ ಬಡ್ಡಿಯಿಲ್ಲದೆ.

ನನ್ನ ಅಪ್ಪ ಇಂಡಿಯ ಮಾರುಕಟ್ಟೆಗೆ ನಿಂಬೆಹಣ್ಣು ಒಯ್ಯುತ್ತಿದ್ದರು. ದಲಾಲರನ್ನು ಬಯ್ಯದ ದಿನವಿಲ್ಲ. ಆದರೆ ಆ ದಲಾಲ ತನ್ನ ಕಮಿಷನ್ ಹಿಡಿದುಕೊಂಡು ಸಂಜೆಯೊಳಗೆ ಹಣ ಎಣಿಸುತ್ತಿದ್ದ. ಹವಾನಿಯಂತ್ರಿತ ಕಚೇರಿಯಲ್ಲಿ ಕೂತ ಲೆಕ್ಕಪತ್ರ ವಿಭಾಗಕ್ಕಿಂತ ಅವನೇ ವಾಸಿ ಎಂದು ಈಗ ಅನ್ನಿಸುತ್ತದೆ.

ಕಾನೂನು ಇಲ್ಲವೇ? ಇದೆ, ಬೇಕಾದಷ್ಟಿದೆ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಒಪ್ಪಂದ ಏನೇ ಇದ್ದರೂ ಮಾಲು ಸ್ವೀಕರಿಸಿದ 45 ದಿನದೊಳಗೆ ಹಣ ಕೊಡಬೇಕು. ಮಾಲು ತಲುಪಿದ 15 ದಿನದೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ, ತಲುಪಿದ ದಿನವೇ ಸ್ವೀಕರಿಸಿದ ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಆ ಬಡ್ಡಿಯಲ್ಲಿ ಒಂದು ರೂಪಾಯಿಯನ್ನೂ ನಾವು ಇದುವರೆಗೆ ಕೇಳಿಲ್ಲ. ಸಣ್ಣವರಿಗೆ ಸಮಯಕ್ಕೆ ಹಣ ಕೊಡದಿದ್ದರೆ ಆ ವರ್ಷ ಅದನ್ನು ಖರ್ಚೆಂದು ತೋರಿಸುವಂತಿಲ್ಲ ಎಂದು ಆದಾಯ ತೆರಿಗೆ ಕಾಯ್ದೆಯಲ್ಲಿ 43ಬಿ(ಎಚ್) ಬಂತು. 2024ರ ಮಾರ್ಚ್‌ನಲ್ಲಿ ಅದರ ಬಿಸಿ ತಟ್ಟಿ ಕೆಲವು ಹಳೆಯ ಬಾಕಿ ಕೈಸೇರಿದ್ದೂ ನಿಜ. ಅದೇ ತಿಂಗಳಲ್ಲಿ ಒಬ್ಬ ಖರೀದಿ ಅಧಿಕಾರಿ ಫೋನ್ ಮಾಡಿ, ‘ವಹಿನೀ (ಅತ್ತಿಗೆ), ನಿಮ್ಮ ಉದ್ಯಮ್ ನೋಂದಣಿ ರದ್ದುಮಾಡಿಸಿಬಿಡಿ, ಇಬ್ಬರಿಗೂ ತಾಪತ್ರಯ ಇರುವುದಿಲ್ಲ’ ಎಂದರು. ನಾವು ಸಣ್ಣ ಉದ್ಯಮ ಎಂಬುದಕ್ಕೆ ಆ ನೋಂದಣಿಯೇ ಸರ್ಕಾರಿ ದಾಖಲೆ. ಎಷ್ಟು ಪ್ರೀತಿಯಿಂದ ಹೇಳಿದರೆಂದರೆ, ಒಂದು ಕ್ಷಣ ನಾನೂ ಹೂಂಗುಟ್ಟಿಬಿಡುತ್ತಿದ್ದೆ. ಇನ್ನು ಬಿಲ್ಲು ಮಾರಿ ಬೇಗ ಹಣ ಪಡೆಯುವ ಟ್ರೆಡ್ಸ್ ಎಂಬ ವ್ಯವಸ್ಥೆಗೆ ವಹಿವಾಟು 250 ಕೋಟಿ ಮೀರಿದ ಕಂಪನಿಗಳು ಸೇರಲೇಬೇಕು. ನಮ್ಮ ಖರೀದಿದಾರರು ಆ ಗೆರೆಗಿಂತ ಕೆಳಗಿದ್ದಾರೆ, ಅವರಿಗೆ ಕಡ್ಡಾಯವಿಲ್ಲ.

ದೂರು ಕೊಡಬಹುದಲ್ಲ ಎನ್ನುತ್ತೀರಿ. ‘ನೀರಿನಲ್ಲಿದ್ದು ಮೀನಿನ ಜೊತೆ ವೈರವೇ’ ಎಂದು ಮರಾಠಿಯಲ್ಲಿ ಗಾದೆ ಇದೆ. ಮೀನಾಗಿದ್ದರೆ ಹೇಗೋ ನಿಭಾಯಿಸಬಹುದಿತ್ತು, ನಮ್ಮ ಪಾಲಿಗೆ ಅದು ಮೊಸಳೆ. ಗಲ್ಲಿಯಲ್ಲಿ ಒಬ್ಬರು ಧೈರ್ಯ ಮಾಡಿ, ಇಂಥ ಬಾಕಿಯ ತಕರಾರು ತೀರ್ಮಾನಿಸುವ ಸೌಲಭ್ಯ ಮಂಡಳಿಗೆ ಅರ್ಜಿ ಹಾಕಿದರು. 90 ದಿನದೊಳಗೆ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳುತ್ತದೆ. ಅವರು ಎರಡು ದೀಪಾವಳಿ ಕಂಡರು. ಅರ್ಜಿ ಹಾಕಿದ ಮರುವಾರವೇ ಆರ್ಡರ್ ನಿಂತಿತ್ತು. ಈಗ ಅವರ ಶೆಡ್ಡಿನಲ್ಲಿ ಯಾರೋ ಕೊರಿಯರ್ ಗೋದಾಮು ಇಟ್ಟಿದ್ದಾರೆ.

ಸ್ವಾಮಿ, ನೀವು ‘ಇದು ಕೇಂದ್ರದ ಕಾಯ್ದೆ’ ಎಂದು ಕೈತೊಳೆದುಕೊಳ್ಳುವ ಮೊದಲು ಒಂದು ಮಾತು. ಆ ಮಂಡಳಿಯನ್ನು ರಚಿಸುವುದು ರಾಜ್ಯ ಸರ್ಕಾರ. ಅದರ ಅಧ್ಯಕ್ಷರು ನಿಮ್ಮದೇ ಇಲಾಖೆಯ ನಿರ್ದೇಶಕರು ಅಥವಾ ಅವರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. ಪುಣೆಯಲ್ಲಿ ಎಷ್ಟು ಅರ್ಜಿ ಬಂದಿವೆ, ಎಷ್ಟು 90 ದಿನ ದಾಟಿವೆ ಎಂದು ತಿಂಗಳಿಗೊಮ್ಮೆ ನೋಟಿಸ್ ಬೋರ್ಡಿಗೆ ಹಾಕಿಸಲು ದಿಲ್ಲಿಯ ಅಪ್ಪಣೆ ಬೇಕಿಲ್ಲ.

ಆದರೆ ಅದಕ್ಕಿಂತ ದೊಡ್ಡ ಬೀಗದ ಕೈ ನಿಮ್ಮ ಬಳಿ ಇದೆ. 1964ರಿಂದ ಈ ರಾಜ್ಯದಲ್ಲಿ ಸಾಮೂಹಿಕ ಪ್ರೋತ್ಸಾಹ ಯೋಜನೆ ನಡೆಯುತ್ತಿದೆ. ಹೂಡಿಕೆ ಮಾಡಿದವರಿಗೆ ಸಬ್ಸಿಡಿ, ರಾಜ್ಯದ ಜಿಎಸ್‌ಟಿ ಪಾಲಿನಿಂದ ಒಂದಂಶ ವಾಪಸು. ನಾನು ಸಾಲ ಮಾಡಿ ಕಟ್ಟಿದ ತೆರಿಗೆಯೂ ಅದೇ ಖಜಾನೆ ಸೇರಿದೆ ಎಂಬುದನ್ನು ನೆನಪಿಸಲೇ? ಇನ್ನೊಂದು ಕಡೆ, ಸಣ್ಣ ಪೂರೈಕೆದಾರರಿಗೆ 45 ದಿನ ಮೀರಿ ಉಳಿಸಿಕೊಂಡ ಬಾಕಿಯ ವಿವರವನ್ನು ಕಂಪನಿಗಳು ಆರು ತಿಂಗಳಿಗೊಮ್ಮೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸಬೇಕೆಂಬ ಆದೇಶ 2019ರಿಂದ ಇದೆ. ಎರಡನ್ನೂ ಒಂದೇ ಮೇಜಿನ ಮೇಲೆ ಇಡಿ. ಪ್ರೋತ್ಸಾಹಧನದ ಚೆಕ್ ಬರೆಯುವ ಮೊದಲು ಆ ಬಾಕಿ ವಿವರದ ಪ್ರತಿ ಕೇಳಿ. ಬಾಕಿ ಇದ್ದರೆ, ತೀರುವವರೆಗೆ ಚೆಕ್ ತಡೆಹಿಡಿಯಿರಿ. ಹೀಗೆ ಮಾಡಿದರೆ ನಾವು ಯಾರೂ ಹೆಸರು ಹೇಳಿ ದೂರು ಕೊಡಬೇಕಿಲ್ಲ, ಯಾರ ಆರ್ಡರೂ ನಿಲ್ಲುವುದಿಲ್ಲ. ಹೂಡಿಕೆದಾರರು ಗುಜರಾತಿಗೆ ಓಡಿಹೋಗುತ್ತಾರೆಂದು ನಿಮಗೆ ಯಾರಾದರೂ ಹೆದರಿಸಬಹುದು. ಕೊಟ್ಟ ಮಾಲಿಗೆ ಹಣ ಕೊಡಿ ಎಂದ ಮಾತ್ರಕ್ಕೆ ಓಡಿಹೋಗುವವರು ಹೋಗಲಿ ಬಿಡಿ.

ನಮಗೆ ಹೊಸ ಸಾಲ ಬೇಡ, ಮೇಳ ಬೇಡ, ‘ಉದ್ಯಮಿ ಮಹಿಳೆ’ ಎಂಬ ಶಾಲು-ಫಲಕವೂ ಬೇಡ (ಒಂದು ಈಗಾಗಲೇ ಇದೆ, ಮಷಿನ್ ಎಣ್ಣೆಯ ಡಬ್ಬಿಯ ಹಿಂದೆ ನಿಂತಿದೆ). 143 ದಿನ 45ಕ್ಕೆ ಇಳಿದರೆ ಆ ಹಳೆಯ ಲೇತ್ ತೆಗೆದು ಮೂರನೆಯ ಸಿಎನ್‌ಸಿ ಇಡುತ್ತೇವೆ, ಇನ್ನಿಬ್ಬರು ಹುಡುಗರನ್ನು ತೆಗೆದುಕೊಳ್ಳುತ್ತೇವೆ. ಕೊಟೇಶನ್ ತರಿಸಿ ಇಟ್ಟಿದ್ದೇನೆ.

ಒಮ್ಮೆ ನಮ್ಮ ಶೆಡ್ಡಿಗೆ ಬನ್ನಿ. ಗುರುವಾರ ಬರಬೇಡಿ, ಅಂದು ಎಂಐಡಿಸಿಗೆ ವಾರದ ರಜೆ. ತಿಂಗಳ 18, 19ರ ಹೊತ್ತಿಗೆ ಬಂದರೆ ಒಳ್ಳೆಯದು. ಜಿಎಸ್‌ಟಿ ಕಟ್ಟುವ ಮುಂಚಿನ ಆ ಎರಡು ದಿನ ನಾನು ಮಾಡುವ ಫೋನುಗಳನ್ನು ಪಕ್ಕದಲ್ಲಿ ಕೂತು ಕೇಳಬಹುದು. ಕುರ್ಚಿ ಒಂದೇ ಇದೆ, ನಿಮಗೆ ಕೊಡುತ್ತೇನೆ.

ಇತಿ,
ಭೋಸರಿಯ ಒಂದು ವರ್ಕ್‌ಶಾಪಿನ ಲೆಕ್ಕ ಬರೆಯುವವಳು