ಆ ಪಾಠವನ್ನು ಬಿಡಬೇಡ

ಪ್ರೀತಿಯ ಪವಿತ್ರಾ,

ಆಶೀರ್ವಾದಗಳು. ಎಂಟನೆಯ ತರಗತಿಯ ವಿಜ್ಞಾನದಲ್ಲಿ ಬರುವ ಹದಿಹರೆಯದ ಪಾಠವನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಹೇಳಿ ದಾಟಿಬಿಡು ಎಂದರಂತೆ ನಿನ್ನ ಶಾಲೆಯ ಹಿರಿಯರು. ಖಂಡಿತ ಹಾಗೆ ಮಾಡಬೇಡ ಕಂದ. ನಾನು ಕೆಲಸದಲ್ಲಿದ್ದಾಗ ವರ್ಷದ ಕೊನೆಗೆ ಮಕ್ಕಳ ಪುಸ್ತಕಗಳನ್ನು ತಿರುವಿ ನೋಡುತ್ತಿದ್ದೆ. ಅಂಚು ಮಡಚಿ, ಬೆರಳ ಕೊಳೆ ಹತ್ತಿ ಸವೆದಿರುತ್ತಿದ್ದ ಪುಟಗಳು ಇವೇ. ತರಗತಿಯಲ್ಲಿ ಯಾರೂ ಬಾಯಿಬಿಡದ ಪಾಠವನ್ನು ಮಕ್ಕಳು ಕದ್ದು ಓದಿರುತ್ತಿದ್ದರು. ಈಗ ಕೈಯಲ್ಲಿ ಮೊಬೈಲ್ ಇದೆ. ಅದು ಕಲಿಸುವುದು ಎಂಥದ್ದೆಂದು ನಿನಗೂ ಗೊತ್ತು.

2007ರಲ್ಲಿ ಹದಿಹರೆಯ ಶಿಕ್ಷಣಕ್ಕೆ ವಿರೋಧ ಎದ್ದಾಗ ಅದನ್ನು ತಡೆಹಿಡಿದ ರಾಜ್ಯಗಳಲ್ಲಿ ನಮ್ಮದೂ ಒಂದು. ಇದು ಎಲ್ಲ ಸರ್ಕಾರಿ ಶಾಲೆಗಳಲ್ಲಿ ಕಡ್ಡಾಯವಾಗಬೇಕು ಎಂದು ನಾನು ಅಂದಿನಿಂದಲೂ ಹೇಳುತ್ತಿದ್ದೇನೆ. ಮೇಷ್ಟರ ಇಷ್ಟಕ್ಕೆ ಬಿಟ್ಟರೆ ಧೈರ್ಯವಿದ್ದವರು ಮಾತ್ರ ಕಲಿಸುತ್ತಾರೆ, ಊರಿನ ನಿಷ್ಠುರವನ್ನೂ ಅವರೊಬ್ಬರೇ ಹೊರಬೇಕಾಗುತ್ತದೆ.

ಹುಡುಗ ಹುಡುಗಿಯರನ್ನು ಬೇರೆ ಮಾಡದೆ ಒಟ್ಟಿಗೆ ಕೂರಿಸಿ ಕಲಿಸು. ಮುಟ್ಟು ಏಕೆ ಆಗುತ್ತದೆ ಎಂಬುದು ಹುಡುಗರಿಗೆ ತಿಳಿಯಲಿ, ಅವರ ದನಿ ಒಡೆಯುವುದೇಕೆ ಎಂಬುದು ಹುಡುಗಿಯರಿಗೆ. ಎಕ್ಸ್, ವೈ ವರ್ಣತಂತುಗಳ ಚಿತ್ರವನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆ. ತಾಯಿಯಿಂದ ಬರುವುದು ಎಕ್ಸ್ ಮಾತ್ರ, ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಮೂರನೆಯದೂ ಹೆಣ್ಣಾಯಿತೆಂದು ಸೊಸೆಯನ್ನು ಹಂಗಿಸಿ ತವರಿಗೆ ಅಟ್ಟುವ ಮನೆಗಳು ನಮ್ಮೂರಲ್ಲಿ ಎಷ್ಟಿವೆ ಎಂದು ನೀನೇ ಬಲ್ಲೆ. ಆ ಒಂದು ಚಿತ್ರ ಹದಿಮೂರರ ಹುಡುಗನ ತಲೆಯಲ್ಲಿ ಕೂತರೆ ಮುಂದೆ ಅವನ ಹೆಂಡತಿಗೆ ಆ ಮಾತು ಕೇಳುವ ಪಾಡು ತಪ್ಪೀತು. ನಗುವವರು ನಗಲಿ, ಎರಡನೆಯ ದಿನಕ್ಕೆ ನಗು ತಾನೇ ನಿಲ್ಲುತ್ತದೆ.

ಕೇಳಲು ನಾಚುವವರು ಹೆಸರಿಲ್ಲದ ಚೀಟಿ ಬರೆದು ಡಬ್ಬಿಗೆ ಹಾಕಲಿ. ಯಾವ ಚೀಟಿಗೂ ಮುಖ ಸಿಂಡರಿಸಬೇಡ. ಯಾರೋ ಮೈ ಮುಟ್ಟಿ ಹಿಂಸಿಸುತ್ತಿದ್ದಾರೆ ಎಂದು ಮಗುವೊಂದು ಹೇಳಿಕೊಂಡರೆ ಅದನ್ನು ನಿನ್ನಲ್ಲೇ ಇಟ್ಟುಕೊಳ್ಳುವಂತಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. 1098 ಮಕ್ಕಳ ಸಹಾಯವಾಣಿಯನ್ನು ಗೋಡೆಯ ಮೇಲೆ ಬರೆಸು.

ಪಾಠಕ್ಕೆ ಮುಂಚೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರನ್ನೂ ತಾಯಂದಿರನ್ನೂ ಕರೆದು ಪುಸ್ತಕವನ್ನೇ ಅವರ ಕೈಗೆ ಕೊಡು. ಓದಲು ಬಾರದವರಿಗೆ ನೀನೇ ಓದಿ ಹೇಳು. ತಾಯಂದಿರು ನಿನ್ನ ಪರ ನಿಲ್ಲುತ್ತಾರೆ ಎಂಬ ನಂಬಿಕೆ ನನಗಿದೆ. ಸಭೆಯ ದಿನ ತಿಳಿಸು, ನಾನೂ ಬರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ