ಮದ್ದಿನ ಲೆಕ್ಕ ಇದ್ದರೆ ಸಾಲದು, ಪ್ಯಾಚಿನ ಜಿಡ್ಡನ್ನೂ ನೋಡಿ

ಸಂಪಾದಕರಿಗೆ ನಮಸ್ಕಾರ.

ಬಾಯಿಯಿಂದ ಮದ್ದು ತುಂಬುವ ರೈಫಲ್‌ಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಈ ಹವ್ಯಾಸದ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಕಮ್ಮಿ. ಹಾಗಾಗಿ ಖುಷಿಯಾಯಿತು. ಆದರೆ ಎಷ್ಟು ಗ್ರೇನ್ (ಮದ್ದು ಅಳೆಯುವ ಸಣ್ಣ ಮಾನ) ಮದ್ದು ಹಾಕಬೇಕು ಅನ್ನುವುದಕ್ಕೇ ಅರ್ಧ ಪುಟ ಹೋಗಿದೆ. ಗುಂಡಿಗೆ ಸುತ್ತುವ ಬಟ್ಟೆಯ, ಅಂದರೆ ಪ್ಯಾಚಿನ ವಿಷಯ ಒಂದೇ ಸಾಲಿನಲ್ಲಿ ಮುಗಿದಿದೆ: ಯಾವುದಾದರೂ ಗ್ರೀಸ್ ಹಚ್ಚಿದರೆ ಸಾಕಂತೆ. ಈ ಸಾಲು ತಪ್ಪು. ಹೊಸಬರು ಇದನ್ನೇ ನಂಬಿಬಿಡುತ್ತಾರಲ್ಲ ಅನ್ನುವ ಚಿಂತೆಯಿಂದ ಬರೆಯುತ್ತಿದ್ದೇನೆ.

ಕರಿ ಮದ್ದಿನಲ್ಲಿ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ ಇರುತ್ತದೆ. ಸುಟ್ಟ ಮೇಲೆ ಇದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಅನಿಲ ಆಗುವುದೇ ಇಲ್ಲ, ಘನವಾಗಿಯೇ ಉಳಿಯುತ್ತದೆ. ಒಂದಷ್ಟು ಹೊಗೆಯ ಜೊತೆ ಹಾರಿಹೋಗುತ್ತದೆ, ಉಳಿದದ್ದು ನಳಿಗೆಯ ಒಳಗೇ ಕೂರುತ್ತದೆ. ಗಾಳಿ ಒಣಗಿದ್ದರೆ ಆ ಮಸಿ ಗಟ್ಟಿಯಾಗುತ್ತದೆ. ಕೆಲವೇ ಗುಂಡು ಹೊಡೆಯುವಷ್ಟರಲ್ಲಿ, ಗುಂಡನ್ನು ಒಳಗೆ ತಳ್ಳುವ ಕೋಲು, ಅಂದರೆ ಗಜ, ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ಸುಮ್ನೆ ಬಲ ಹಾಕಿ ಜಜ್ಜಿದರೆ ಮೆತ್ತನೆಯ ಸೀಸದ ಗುಂಡು ಆಕಾರ ಕೆಡುತ್ತದೆ. ಅದಕ್ಕಿಂತ ಕೆಟ್ಟದ್ದು, ಗುಂಡು ಮದ್ದಿನ ಮೇಲೆ ಕೂರದೆ ನಡುವೆ ಜಾಗ ಉಳಿಯುವುದು. ಆ ಸ್ಥಿತಿಯಲ್ಲಿ ಹೊಡೆದರೆ ನಳಿಗೆ ಉಬ್ಬಬಹುದು, ಸಿಡಿಯಲೂಬಹುದು. ಗುಂಡು ಪೂರ್ತಿ ಕೂತಾಗ ಗಜ ಎಲ್ಲಿಗೆ ಬರುತ್ತದೋ ಅಲ್ಲಿ ಒಂದು ಗುರುತು ಹಾಕಿಡಿ. ನಾನು ಆ ಗೆರೆ ನೋಡದೆ ಕೇಪು, ಅಂದರೆ ಮದ್ದಿಗೆ ಕಿಡಿ ಕೊಡುವ ಪುಟ್ಟ ಟೋಪಿ, ಇಡುವುದಿಲ್ಲ.

ಪ್ಯಾಚಿಗೆ ಹಚ್ಚುವ ಜಿಡ್ಡಿನ ದೊಡ್ಡ ಕೆಲಸ ಈ ಮಸಿಯನ್ನು ಮೆತ್ತಗೆ ಇಡುವುದು. ಮೆತ್ತಗಿದ್ದರೆ ಮುಂದಿನ ಪ್ಯಾಚ್ ಕೆಳಗಿಳಿಯುವಾಗ ಅದನ್ನು ಒರೆಸಿಕೊಂಡೇ ಹೋಗುತ್ತದೆ. ಯಂತ್ರಕ್ಕೆ ಹಾಕುವ ಪೆಟ್ರೋಲಿಯಂ ಗ್ರೀಸ್ ಇದಕ್ಕೆ ಆಗುವುದಿಲ್ಲ. ಅದು ಮಸಿಯ ಜೊತೆ ಸೇರಿ ಡಾಂಬರಿನ ಹಾಗೆ ಅಂಟಿಕೊಳ್ಳುತ್ತದೆ. ಜೇನುಮೇಣಕ್ಕೆ ಕುರಿ ಕೊಬ್ಬನ್ನೋ ಆಲಿವ್ ಎಣ್ಣೆಯನ್ನೋ ಬೆರೆಸಿದ್ದು ಚೆನ್ನಾಗಿ ಕೆಲಸ ಮಾಡುತ್ತದೆ. ಸೆಕೆ ಇದ್ದರೆ ಮೇಣ ಸ್ವಲ್ಪ ಜಾಸ್ತಿ, ಚಳಿ ಇದ್ದರೆ ಎಣ್ಣೆ ಸ್ವಲ್ಪ ಜಾಸ್ತಿ. ಗುರಿ ಅಭ್ಯಾಸಕ್ಕೆ ನನಗೆ ಇಷ್ಟವಾದದ್ದು ನೀರಲ್ಲಿ ಕರಗುವ ಎಣ್ಣೆಯನ್ನು ನೀರಿಗೆ ಬೆರೆಸಿ ಒದ್ದೆ ಮಾಡಿದ ಪ್ಯಾಚ್. ಮಸಿ ಅದರಲ್ಲಿ ಬೇಗ ಬಿಡುತ್ತದೆ. ಆದರೆ ತುಂಬಿದ ಕೂಡಲೇ ಹೊಡೆಯಬೇಕು. ಹಾಗೇ ಬಿಟ್ಟರೆ ತೇವ ಮದ್ದಿಗೆ ಇಳಿಯುತ್ತದೆ. ಬಟ್ಟೆ ಮಾತ್ರ ಒತ್ತಾಗಿ ನೇಯ್ದ ಹತ್ತಿ ಅಥವಾ ಲಿನನ್ ಆಗಿರಲಿ. ನೈಲಾನ್, ಪಾಲಿಯೆಸ್ಟರ್ ಬಿಸಿಗೆ ಕರಗುತ್ತವೆ.

ಸರಿಯಾಯಿತೋ ಇಲ್ಲವೋ ತಿಳಿಯಲು ದೊಡ್ಡ ಉಪಕರಣ ಏನೂ ಬೇಡ. ಎಲ್ಲರೂ ಹೊಡೆಯುವುದು ನಿಲ್ಲಿಸಿದ ಮೇಲೆ ಮುಂದೆ ಹೋಗಿ, ಬಿದ್ದಿರುವ ಪ್ಯಾಚ್‌ಗಳನ್ನು ಹೆಕ್ಕಿ ತನ್ನಿ. ಒಳ್ಳೆಯ ಪ್ಯಾಚಿನ ನಡುವೆ ಗುಂಡು ಕೂತಿದ್ದ ಕಡೆ ಕಪ್ಪು ವೃತ್ತ, ಅದರ ಸುತ್ತ ರೈಫ್ಲಿಂಗಿನ (ನಳಿಗೆಯ ಒಳಗೆ ಕೊರೆದ ಸುರುಳಿ ಗೀರುಗಳ) ಗೆರೆಗಳ ಗುರುತು, ಅಂಚಿನಲ್ಲಿ ಸ್ವಲ್ಪ ನೂಲು ಬಿಟ್ಟಿರುವುದು, ಅಷ್ಟೇ. ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವಾಯಿತು, ಇಲ್ಲವೇ ಜಿಡ್ಡು ಸಾಲಲಿಲ್ಲ, ಇಲ್ಲವೇ ಮದ್ದು ಜಾಸ್ತಿಯಾಯಿತು. ಗೆರೆಯ ಗುರುತಿನಲ್ಲೇ ಕತ್ತರಿಸಿದ ಹಾಗಿದ್ದರೆ ನಳಿಗೆಯ ಬಾಯಿ ಅಥವಾ ರೈಫ್ಲಿಂಗಿನ ಅಂಚು ಹರಿತವಾಗಿದೆ ಎಂದರ್ಥ. ಗುರಿಹಲಗೆಗಿಂತ ಮೊದಲು ನಾನು ನೋಡುವುದು ಈ ಚಿಂದಿಯನ್ನು.

ಇನ್ನು ಮದ್ದಿನ ಪ್ರಮಾಣ. ಜಾಸ್ತಿ ಹಾಕಿದಷ್ಟೂ ಗುರಿ ಚೆನ್ನಾಗಿರುತ್ತದೆ ಅನ್ನುವುದು ಹಳೇ ಭ್ರಮೆ. .50 ಕ್ಯಾಲಿಬರ್‌ಗೆ (ಅಂದರೆ ಒಳವ್ಯಾಸ ಅರ್ಧ ಇಂಚಿನ ನಳಿಗೆಗೆ) .490 ಇಂಚಿನ ಗುಂಡು, .015 ಇಂಚು ದಪ್ಪದ ಪ್ಯಾಚ್, ಎಫ್‌ಎಫ್‌ಜಿ ದರ್ಜೆಯ, ಅಂದರೆ ಮಧ್ಯಮ ಗಾತ್ರದ ಕಾಳಿನ, ಮದ್ದು ಹಿಡಿದು ಬಹಳ ಜನ 50 ಗ್ರೇನಿನಿಂದ ಶುರು ಮಾಡುತ್ತಾರೆ. ಐದೈದು ಗುಂಡು ಹೊಡೆದು ನೋಡಿ 5 ಗ್ರೇನ್ ಏರಿಸುತ್ತಾ ಹೋಗುತ್ತಾರೆ. ಮೇಲಿನ ಮಿತಿ ಮಾತ್ರ ತಯಾರಕರ ಕೈಪಿಡಿಯಲ್ಲಿ ಇರುವುದೇ, ಅದನ್ನು ದಾಟಬಾರದು. ಒಂದು ಹಂತದಲ್ಲಿ ಗುಂಡುಗಳು ಹತ್ತಿರ ಹತ್ತಿರ ಬೀಳುತ್ತವೆ, ಆಮೇಲೆ ಮತ್ತೆ ಚದುರುತ್ತವೆ. ಆ ಹಂತ ಪ್ರತಿ ರೈಫಲ್‌ಗೂ ಬೇರೆ. ಪ್ರಮಾಣ ಬದಲಿಸುವಾಗ ಬಟ್ಟೆ, ಜಿಡ್ಡು ಎರಡನ್ನೂ ಮುಟ್ಟಬೇಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಹೇಗೆ ಗೊತ್ತಾಗುತ್ತದೆ, ಅಲ್ವಾ?

ಬರಹದಲ್ಲಿ ಇನ್ನೆರಡು ಮಾತು ಬಿಟ್ಟುಹೋಗಿವೆ. ಮದ್ದು ತುಂಬಿಡುವ ಬುರುಡೆಯಿಂದ ನೇರವಾಗಿ ನಳಿಗೆಗೆ ಸುರಿಯಬಾರದು. ಒಳಗೆ ಕಿಡಿ ಉಳಿದಿದ್ದರೆ ಬುರುಡೆಯೇ ಕೈಯಲ್ಲಿ ಸಿಡಿಯುತ್ತದೆ. ಬೇರೆ ಅಳತೆ ಪಾತ್ರೆಗೆ ಹಾಕಿಕೊಂಡೇ ಸುರಿಯಬೇಕು. ಇವತ್ತಿನ ತೋಟಾಗಳಲ್ಲಿ ಬಳಸುವ ಹೊಗೆರಹಿತ ಮದ್ದನ್ನು ಕರಿ ಮದ್ದಿನ ರೈಫಲ್‌ಗೆ ಒಂದು ಚಿಟಿಕೆಯೂ ಹಾಕಬಾರದು. ಅದರ ಒತ್ತಡವನ್ನು ಆ ನಳಿಗೆ ತಡೆಯುವುದಿಲ್ಲ.

ಗ್ರೀಸ್ ಬಗ್ಗೆ ಬರೆದ ಆ ಸಾಲನ್ನು ಮುಂದಿನ ಪುರವಣಿಯಲ್ಲಿ ತಿದ್ದಿ ಹಾಕಿ, ಜೊತೆಗೆ ಈ ಎರಡು ಎಚ್ಚರಿಕೆಗಳನ್ನೂ ಎದ್ದು ಕಾಣುವ ಹಾಗೆ ಪ್ರಕಟಿಸಿ ಎಂದು ಕೇಳಿಕೊಳ್ಳುತ್ತೇನೆ.

ಇತಿ,
ನಿಮ್ಮ ಓದುಗ