ಬಿ12 ಮಾತ್ರೆ ಬಿಡಬೇಡಿ, ದಯವಿಟ್ಟು ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ. ಹಾಲು, ಮೊಸರು, ತುಪ್ಪವನ್ನೂ ಬಿಟ್ಟವರು ನಮ್ಮ ಗುಂಪಿನಲ್ಲಿ ಈಗ ಜಾಸ್ತಿ ಆಗಿದ್ದಾರೆ. ಖುಷಿಯ ವಿಷಯ. ಆದರೆ ಹಾಲು, ಮೊಸರಿನಿಂದ ಸಿಗುತ್ತಿದ್ದ ವಿಟಮಿನ್ ಬಿ12 ವಿಚಾರದಲ್ಲಿ ನನಗೆ ನಿಜವಾಗಿಯೂ ಆತಂಕ ಇದೆ.

ಈ ವಿಟಮಿನ್ ತಯಾರಿಸುವುದು ಬ್ಯಾಕ್ಟೀರಿಯಾ, ಗಿಡಗಳಲ್ಲ. ಸೊಪ್ಪು, ಕಾಳು, ರಾಗಿ ಎಷ್ಟು ತಿಂದರೂ ಸಾಲುವುದಿಲ್ಲ. ಇಡ್ಲಿ ಹಿಟ್ಟು ಹುಳಿ ಬಂದರೆ ಬೇಕಾದಷ್ಟು ಬಿ12 ಸಿಗುತ್ತದೆ ಅನ್ನುವುದನ್ನು ನಂಬಬೇಡಿ. ಸ್ಪಿರುಲಿನಾದಲ್ಲಿ (ಪುಡಿ, ಮಾತ್ರೆಯಾಗಿ ಮಾರುವ ಪಾಚಿ) ಇರುವುದು ಬಹುಪಾಲು ನಮ್ಮ ದೇಹಕ್ಕೆ ಉಪಯೋಗವಿಲ್ಲದ ರೂಪ. ದಿನಕ್ಕೆ ಬೇಕಾಗುವುದು ಸುಮಾರು 2.5 ಮೈಕ್ರೋಗ್ರಾಂ ಅಷ್ಟೇ. ಲಿವರ್‌ನಲ್ಲಿ ಕೂಡಿಟ್ಟದ್ದು ಕೆಲವು ವರ್ಷ ಬರಬಹುದು, ಹಾಗಾಗಿ ಕೊರತೆ ತಡವಾಗಿ ಗೊತ್ತಾಗುತ್ತದೆ. ಇನ್ನೊಂದು ತೊಂದರೆ ಇದೆ. ನಾವು ತಿನ್ನುವ ಸೊಪ್ಪು, ಕಾಳಿನಲ್ಲಿ ಫೋಲೇಟ್ ಅನ್ನುವ ಇನ್ನೊಂದು ಬಿ ವಿಟಮಿನ್ ಹೇರಳ. ಅದು ಬಿ12 ಕೊರತೆಯಿಂದ ಬರುವ ರಕ್ತಹೀನತೆಯನ್ನು ಮರೆಮಾಡಬಹುದು, ಒಳಗೆ ನರಗಳು ಹಾಳಾಗುತ್ತಲೇ ಇರುತ್ತವೆ. ಕೈಕಾಲು ಜೋಮು, ಮರೆವು, ಸುಸ್ತು ಇದ್ದರೆ ಸುಮ್ನೆ ಕೂರಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿ ಪ್ರಮಾಣ ತಿಳಿದುಕೊಳ್ಳಿ. ಅದೇ ಪರೀಕ್ಷೆಯಲ್ಲಿ ವಿಟಮಿನ್ ಡಿ ಕೂಡ ನೋಡಿಸಿ.

ಬಿ12 ಅಲ್ಲದೆ ಇನ್ನೊಂದು ಮಾತು: ಎಣ್ಣೆ ಬಿಟ್ಟವರು ಸೊಪ್ಪು, ಕ್ಯಾರೆಟ್ ಜೊತೆ ತೆಂಗಿನತುರಿ ಅಥವಾ ಕಡಲೆಬೀಜ ಹಾಕಿ. ಸ್ವಲ್ಪ ಕೊಬ್ಬು ಇಲ್ಲದಿದ್ದರೆ ಅದರ ವಿಟಮಿನ್ ಎ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಕೊನೆಯದಾಗಿ, ಕೆಲವು ವಿಟಮಿನ್ ಕ್ಯಾಪ್ಸೂಲ್‌ಗಳ ಕವಚ ಜೆಲಾಟಿನ್‌ನದು, ಅದು ಪ್ರಾಣಿಮೂಲದ್ದು. ಕೊಳ್ಳುವ ಮೊದಲು ಲೇಬಲ್ ಓದಿ.